ಬ್ರೌನಪ್ಪನಿಗೆ ಸೂಟಿ

ಅವರು ಒಬ್ಬರೇ ಆಡುವಾಗ ಟೇಬಲ್ಲಿನ ಮೇಲೆ ಕಂದು ಚೆಂಡು ಇರುತ್ತಿರಲಿಲ್ಲ.

ಸ್ನೂಕರ್ ಬಲ್ಲವರಿಗೆ ಇದು ಎಷ್ಟು ವಿಚಿತ್ರ ಎಂದು ತಿಳಿಯುತ್ತದೆ. ಉಳಿದವರಿಗಾಗಿ ಇಷ್ಟು ಹೇಳಬೇಕು. ಹಸಿರು ಬಟ್ಟೆ ಹೊದಿಸಿದ ಉದ್ದನೆಯ ಟೇಬಲ್ಲು. ಆಚೆ ತುದಿಯಲ್ಲಿ ಕೆಂಪು ಚೆಂಡುಗಳ ಗುಂಪು. ಬೇರೆ ಬಣ್ಣದವು ಒಂದೊಂದೇ, ತಮ್ಮ ತಮ್ಮ ಚುಕ್ಕಿಯ ಮೇಲೆ. ಬಿಳಿ ಚೆಂಡಿನಿಂದ ಹೊಡೆದು ಮೊದಲು ಒಂದು ಕೆಂಪನ್ನು ಅಂಚಿನಲ್ಲಿರುವ ಪಾಕೆಟ್ಟಿಗೆ ಹಾಕಬೇಕು, ಆಮೇಲೆ ಒಂದು ಬಣ್ಣ, ಮತ್ತೆ ಕೆಂಪು, ಮತ್ತೆ ಬಣ್ಣ. ಬಿದ್ದ ಕೆಂಪು ಪಾಕೆಟ್ಟಿನಲ್ಲೇ ಉಳಿಯುತ್ತದೆ. ಬಣ್ಣದ ಚೆಂಡನ್ನು ಮಾತ್ರ ತೆಗೆದು ಅದರ ಚುಕ್ಕಿಯ ಮೇಲೆ ಇಡುತ್ತಾರೆ. ಕೆಂಪೆಲ್ಲ ಮುಗಿದ ಮೇಲೆ ಹಳದಿ, ಹಸಿರು, ಕಂದು, ನೀಲಿ, ಗುಲಾಬಿ, ಕಪ್ಪು ಎಂಬ ಕ್ರಮದಲ್ಲಿ ಬಣ್ಣಗಳೂ ಮುಗಿಯಬೇಕು. ತಪ್ಪಿಲ್ಲದೆ ಹೀಗೆ ಹಾಕುತ್ತ ಹೋಗುವುದಕ್ಕೆ ಬ್ರೇಕ್ ಎನ್ನುತ್ತಾರೆ. ಕಂದಿನ ಜಾಗ ಈಚೆ ತುದಿಯಲ್ಲಿ, ಹಳದಿಗೂ ಹಸಿರಿಗೂ ನಡುವೆ. ಆ ಚುಕ್ಕಿಯನ್ನು ಅವರು ಖಾಲಿ ಬಿಡುತ್ತಿದ್ದರು.

"ಕಾಕಾ, ಬ್ರೌನ್ ಎಲ್ಲಿ ಹೋತ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ.

"ಅದಕ್ಕ ಸೂಟಿ ಕೊಟ್ಟೇನ್ರಿ," ಎಂದರು. "ಭಾಳ ವರ್ಷ ದುಡದದ, ಪಾಪ."

ಚೆಂಡಿಗೆ ರಜೆ! ನಾನು ನಕ್ಕೆ. ಹೋದ ತಿಂಗಳು ಒಂದು ಮಧ್ಯಾಹ್ನ, ಕೈಯಲ್ಲಿ ಅಳತೆಗೋಲು ಹಿಡಿದು ನಿಂತಿದ್ದಾಗ ಸ್ನೂಕರ್ ಹಾಲಿನ ಮಾಲಕ ರಫೀಕ್‌ಭಾಯಿಯ ಫೋನ್ ಬಂತು. "ಸರ್, ನಿಮ್ಮ ಕಾಕಾ ಹೋದ್ರಂತ್ರಿ. ಮಲಗಿದ್ದವರು ಏಳಲಿಲ್ಲಂತ." ನಾನು ಅಳೆಯುತ್ತಿದ್ದ ತುಂಡನ್ನು ಮತ್ತೆ ಅಳೆದೆ. ಮೊದಲು ಬಂದ ಅಳತೆ ಬರಲಿಲ್ಲ.

ಆಗಿನಿಂದ ಅವರ ಬಗ್ಗೆ ಬರೆಯಬೇಕು ಅನ್ನಿಸುತ್ತಿದೆ. ಅವರ ಪೂರ್ತಿ ಕತೆ ನನಗೆ ಗೊತ್ತಿಲ್ಲ. ನೋಡಿದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ಹಾಕಬೇಡವೆಂದು ಅವರೇನೂ ಹೇಳಿರಲಿಲ್ಲ, ಆದರೂ ಬೇಡ.

ನಾನು ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ವಾಲ್ವುಗಳ ಅಳತೆ ನೋಡುವವನು. ಮಾತು ಕಡಿಮೆ. ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಟಾಯರ್ ಅಂಗಡಿಯ ಮಾಳಿಗೆಯ ಮೇಲಿರುವ ರಫೀಕ್‌ಭಾಯಿಯ ಸ್ನೂಕರ್ ಹಾಲಿಗೆ ಹೋಗುವ ರೂಢಿ ಬಿದ್ದಿತ್ತು. ಆ ಹೊತ್ತಿನಲ್ಲಿ ಅಲ್ಲಿ ಹೆಚ್ಚು ಜನ ಇರುವುದಿಲ್ಲ. ಮೂಲೆಯ ಟೇಬಲ್ಲಿನಲ್ಲಿ ಅವರು ಇರುತ್ತಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ. ಚೆಂಡು ಹೊಡೆಯುವ ಕ್ಯೂ ಕೋಲಿಗೆ ಹಳೆಯ ಹಾಸಿಗೆ ಬಟ್ಟೆಯಲ್ಲಿ ಹೊಲಿಸಿದ ಚೀಲ. ಆಟಕ್ಕೆ ಮೊದಲು ಕೈ ತೊಳೆದು, ಬೆರಳು ಬೆರಳಿನ ಸಂದಿಯನ್ನೂ ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದರು. ಊಟಕ್ಕೆ ಕೂಡುವ ಮನುಷ್ಯನ ಹಾಗೆ.

ಧಾರವಾಡದ ಹಳೆಯ ಮನೆತನ. ರೈಲ್ವೆಯ ಲೆಕ್ಕದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿದ ಮೇಲೆ ಹುಬ್ಬಳ್ಳಿಯಲ್ಲಿ ಮಗಳು, ಅಳಿಯನ ಮನೆಯಲ್ಲಿ ಇದ್ದರು. ತುಂಬಿದ ಮನೆ ಅದು. ಅವರನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೂ ದಿನಾ ಮಧ್ಯಾಹ್ನ ಹೊರಗೆ ಬಂದುಬಿಡುತ್ತಿದ್ದರು.

ನನ್ನ ಆಟವನ್ನು ಅವರು ಎಷ್ಟೋ ದಿನ ದೂರದಿಂದಲೇ ನೋಡಿದ್ದರು. ಒಂದು ದಿನ ಹತ್ತಿರ ಬಂದು, "ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಮೊಣಕೈ ನಿಮ್ಮ ಮಾತು ಕೇಳೂದಿಲ್ಲ," ಎಂದರು.

ಅಲ್ಲಿಂದ ನನ್ನ ಪಾಠ ಶುರುವಾಯಿತು. ಮೊದಲ ದಿನಗಳಲ್ಲಿ ಅವರು ನನಗೆ ಬಿಳಿ ಚೆಂಡೊಂದನ್ನೇ ಕೊಟ್ಟರು. ಅದನ್ನು ಕಂದಿನ ಚುಕ್ಕಿಯ ಮೇಲೆ ಇಟ್ಟು, ನೀಲಿಯ ಚುಕ್ಕಿ, ಗುಲಾಬಿಯ ಚುಕ್ಕಿ, ಕಪ್ಪಿನ ಚುಕ್ಕಿ ದಾಟಿಸಿ, ಆಚೆಯ ಅಂಚಿಗೆ ತಾಗಿಸಿ ಅದೇ ದಾರಿಯಲ್ಲಿ ಹಿಂದಕ್ಕೆ ತರಿಸಬೇಕು. ಚೆಂಡು ಬಂದು ಕ್ಯೂ ಕೋಲಿನ ತುದಿಗೆ ಮುಟ್ಟಬೇಕು. ಅಲ್ಲಿಯತನಕ ನಾನು ಬಗ್ಗಿದವನು ಬಗ್ಗಿಯೇ ಇರಬೇಕು. ಚೆಂಡು ಎಡಕ್ಕೋ ಬಲಕ್ಕೋ ಸರಿದರೆ ನನ್ನ ಕೈ ಎಲ್ಲಿ ಸೊಟ್ಟಗಾಯಿತೆಂದು ಅವರು ನೋಡದೆಯೇ ಹೇಳುತ್ತಿದ್ದರು.

"ಬಗ್ಗಿದ ಮ್ಯಾಲ ವಿಚಾರ ಮಾಡಬ್ಯಾಡ್ರಿ. ವಿಚಾರ ಏನಿದ್ರೂ ನಿಂತಾಗ ಮುಗಸ್ರಿ. ಎಲ್ಲಿ ಹೊಡೀಬೇಕು, ಎಷ್ಟು ಜೋರು, ಬಿಳೀದು ಎಲ್ಲಿ ನಿಲ್ಲಬೇಕು. ಎಲ್ಲಾ ನಿಂತಾಗ. ಬಗ್ಗಿದ ಮ್ಯಾಲ ಸಂಶಯ ಬಂತಂದ್ರ ಎದ್ದುಬಿಡ್ರಿ. ಏಳ್ಲಿಕ್ಕೆ ನಾಚಿಗಿ ಯಾಕ?"

ಗುರಿಯ ಬಗ್ಗೆ ಅವರು ಹೇಳಿದ್ದು ಇಷ್ಟೇ: ಕಣ್ಣು ಬಿಳಿ ಚೆಂಡಿಗೂ ಆಚೆಯ ಚೆಂಡಿಗೂ ಓಡಾಡಲಿ, ಆದರೆ ಹೊಡೆಯುವ ಗಳಿಗೆಯಲ್ಲಿ ಆಚೆಯ ಚೆಂಡಿನ ಮೇಲೆ ನಿಂತಿರಲಿ. ಬ್ರೇಕ್ ಕಟ್ಟುವುದರ ಬಗ್ಗೆ ಮಾತ್ರ ಬಹಳ ಹೇಳುತ್ತಿದ್ದರು. "ಕೆಂಪು ಹಾಕೂದು ಯಾರಿಗರೆ ಬರ್ತದ. ಹಾಕಿದ ಮ್ಯಾಲ ನಿಮಗ ಹೋಗ್ಲಿಕ್ಕೆ ಮನಿ ಬೇಕಲ್ಲ? ಕಪ್ಪು, ಗುಲಾಬಿ, ಭಾಳಾದ್ರ ನೀಲಿ. ಈ ಮೂರು ಮನಿ ಸುತ್ತ ಅಡ್ಡಾಡ್ರಿ. ಆ ಕಡೆ ಮೂರು ಮನಿಗೆ ಬಿಳೀದನ್ನ ಕಳಸಬ್ಯಾಡ್ರಿ. ಅಲ್ಲಿದ್ದವರನ್ನ ಅಲ್ಲೇ ಇರ್ಲಿಕ್ಕೆ ಬಿಡ್ರಿ."

ಇದನ್ನು ನಾನು ನಿಯಮದಂತೆ ಕಲಿತೆ. ನಿಯಮ ತಪ್ಪೂ ಅಲ್ಲ. ಚೆನ್ನಾಗಿ ಆಡುವವರೆಲ್ಲ ಹೆಚ್ಚುಕಡಿಮೆ ಹಾಗೆಯೇ ಆಡುತ್ತಾರೆ. ಆದರೆ ಕಂದು ಚೆಂಡಿನ ಹತ್ತಿರ ಬಿಳಿ ಹೋಗಬಾರದೆಂದು ಅವರು ಪಡುತ್ತಿದ್ದ ಕಾಳಜಿ ನಿಯಮಕ್ಕಿಂತ ಹೆಚ್ಚಿನದಾಗಿತ್ತು. ಸುಲಭದ ಹೊಡೆತವಿದ್ದರೂ, ಕಂದು ಅಲುಗುವ ಸಂಭವ ಕಂಡರೆ ಅದನ್ನು ಬಿಟ್ಟು ಕಷ್ಟದ್ದನ್ನು ಹುಡುಕುತ್ತಿದ್ದರು. ಅದನ್ನು ನಾನು ಶೈಲಿ ಎಂದುಕೊಂಡೆ.

ಇಲ್ಲಿ ಮುಗದದ ಗೌಡರ ಬಗ್ಗೆ ಹೇಳಬೇಕು.

ಗೌಡರು ಧಾರವಾಡದ ಸಾಲೆಯಲ್ಲಿ ಕಾಕಾ ಅವರ ಜೊತೆ ಓದಿದವರು. ಮುಗದ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದರು. ವಾರದಲ್ಲಿ ಎರಡು ಮೂರು ದಿನ ಪ್ಯಾಸೆಂಜರ್ ಗಾಡಿಗೆ ಬಂದು, ಹಾಲಿನ ಕಬ್ಬಿಣದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂಡುತ್ತಿದ್ದರು. ಕ್ಯೂ ಕೋಲು ಮುಟ್ಟುತ್ತಿರಲಿಲ್ಲ. ಕೆಲಸ ಒಂದೇ, ಮಾತು. ಆಟ ನಡೆದಷ್ಟು ಹೊತ್ತೂ ಮಾತು.

"ನೋಡ್ರಪಾ, ನಮ್ಮ ಸಾಹೇಬ್ರು ಬಂದ್ರು. ಇವತ್ತ ಬ್ರೌನಪ್ಪ ಮನಿ ಬಿಟ್ಟಾನ. ಕೆಂಪಿನ ಸಂತ್ಯಾಗ ಹೊಕ್ಕಾನ. ಬಲಗಡೆ ಕಡೀಕ ನಿಂತಾನ ನೋಡ್ರಿ, ಕಡ್ಲಿ ತಿನ್ನಕೋತ. ಬಾಜೂಕ ಎರಡು ಕೆಂಪು ಅದಾವ, ಅವು ಇವನ್ನ ಮಾತಾಡ್ಸವಲ್ಲವು."

ಹುಡುಗರು ನಗುತ್ತಿದ್ದರು. ಕಂದು ಚೆಂಡಿಗೆ ಬ್ರೌನಪ್ಪ ಎಂಬ ಹೆಸರು ಹಾಲಿನಲ್ಲಿ ಹೀಗೆ ಉಳಿಯಿತು. ರಫೀಕ್‌ಭಾಯಿ ಬೇಸತ್ತು, "ಗೌಡ್ರ, ಆಡೋರಿಗೆ ಸ್ವಲ್ಪ ಆಡಾಕ ಬಿಡ್ರಲಾ. ತಲಿ ತಿಂತೀರಿ," ಎನ್ನುತ್ತಿದ್ದ.

"ತಿಂದ್ರ ತಿಂದೆ. ನಿಮ್ಮಲ್ಲಿ ಮತ್ತೇನ ತಿನ್ನಾಕ ಸಿಗತೈತಿ? ಆ ಚಹಾನೂ ನೀರ."

ಟೇಬಲ್ಲಿನ ಬಳಿ ಇದ್ದ ಅವರು ಈ ಮಾತಿಗೆ ಎಂದೂ ತಲೆ ಎತ್ತುತ್ತಿರಲಿಲ್ಲ. ಒಮ್ಮೆಯೂ "ಸುಮ್ನಿರೋ" ಎಂದಿದ್ದು ನಾನು ಕೇಳಿಲ್ಲ. ಇಷ್ಟು ಶಿಸ್ತಿನ ಮನುಷ್ಯ ಇಷ್ಟು ಗದ್ದಲವನ್ನು ಹೇಗೆ ತಡೆದುಕೊಳ್ಳುತ್ತಾರೆಂದು ನನಗೆ ಆಶ್ಚರ್ಯವಾಗುತ್ತಿತ್ತು. ಹಳೆಯ ಗೆಳೆತನ ಎಂದುಕೊಂಡೆ.

ಒಂದು ಬೇಸಿಗೆಯಲ್ಲಿ ಗೌಡರು ತೀರಿಕೊಂಡರು. ಕಾಕಾ ನನ್ನನ್ನು ಕರೆದರು. ಇಬ್ಬರೂ ಮುಗದಕ್ಕೆ ಮನೆಯವರನ್ನು ಮಾತಾಡಿಸಲು ಹೋದೆವು. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂಡಿಸಿದರು. ಗೌಡರ ಹೆಂಡತಿ ಬಾಗಿಲಿಗೆ ಒರಗಿ ಕೂತಿದ್ದರು. ಏನಾದರೂ ಹೇಳಬೇಕಲ್ಲ ಎಂದು ನಾನು, "ಗೌಡ್ರು ಇಲ್ಲದ ನಮ್ಮ ಹಾಲ್ ಭಾಳ ಸಪ್ಪಗಾಗೇದ್ರಿ. ಅವರ ಮಾತಿಗೆ ಎಲ್ಲಾರೂ ಕಾಯತಿದ್ರು," ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು. "ಯಾರ ಮಾತಿಗ್ರಿ?" ಎಂದರು. "ಇವರ ಮಾತಿಗೆ? ಮನ್ಯಾಗ ನಾಕ ಮಾತು ಆಡಿದ್ರ ಅವತ್ತ ಹಬ್ಬ ಇರ್ತಿತ್ರಿ ನನಗ. ಆಳಿಗೂ ಕೈಸನ್ನೀನ. ನೀವು ಬ್ಯಾರೆ ಯಾರನ್ನೋ ಹೇಳಾಕತ್ತೀರಿ."

ನಾನು ಪಕ್ಕಕ್ಕೆ ತಿರುಗಿದೆ. ಅವರು ತಲೆ ತಗ್ಗಿಸಿ ಕಂಬಳಿಯ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಿದ್ದರು. ಬಿಡಿಸುತ್ತಿದ್ದರು, ಮತ್ತೆ ಸುತ್ತುತ್ತಿದ್ದರು.

ಆ ಮಳೆಗಾಲದಲ್ಲಿ ಹಾಲಿನ ಪಂದ್ಯಾವಳಿ ನಡೆಯಿತು. ಅವರ ಒಂದು ಫ್ರೇಮಿನಲ್ಲಿ, ಅಂದರೆ ಒಂದು ಸುತ್ತಿನ ಆಟದಲ್ಲಿ, ಕಂದು ಚೆಂಡು ಹೇಗೋ ಕೆಂಪುಗಳ ನಡುವೆ ಸೇರಿತ್ತು. ಅವರು ಬಗ್ಗಿದರು, ಎದ್ದರು, ಟೇಬಲ್ ಸುತ್ತಿ ಬಂದರು, ಮತ್ತೆ ಬಗ್ಗಿದರು. ಗೌಡರ ಕುರ್ಚಿ ಖಾಲಿಯಿತ್ತು. ಕೆಂಪು ಹೊಡೆಯಬೇಕಾದ ಸರದಿಯಲ್ಲಿ, ನೇರ ಗುರಿ ಹಿಡಿದು, ಒಂದಿಷ್ಟೂ ಅಳುಕದೆ ಕಂದನ್ನು ಹೊಡೆದರು. ಯಾರೋ ಹಿಂದಿನಿಂದ, "ಕಾಕಾಗ ಅರಳು ಮರಳು ಶುರುವಾತು," ಎಂದು ನಕ್ಕರು. ಅವರು, "ಫೌಲ್. ನಂದ ತಪ್ಪು," ಎಂದು ಕೂತರು. ಅದಾದ ಮೇಲೆ ಬೇರೆಯವರ ಜೊತೆ ಆಡುವುದನ್ನು ಬಿಟ್ಟರು. ಕಂದು ಚೆಂಡಿಗೆ ಸೂಟಿ ಸಿಕ್ಕಿದ್ದು ಆಗ. ನಾನು ಅದನ್ನು ಗೌಡರ ನೆನಪಿಗೆ ಬಿಟ್ಟ ಜಾಗವೆಂದು ತಿಳಿದೆ.

ಒಂದು ಮಧ್ಯಾಹ್ನ ನಾನು ಅವರಿಗಿಂತ ಮೊದಲೇ ಹೋಗಿದ್ದೆ. ಟೇಬಲ್ ಖಾಲಿಯಿತ್ತು. ಅವರು ಬರುವಷ್ಟರಲ್ಲಿ ಸಿದ್ಧವಾಗಿರಲಿ ಎಂದು ಚೆಂಡುಗಳನ್ನೆಲ್ಲ ಜೋಡಿಸಿದೆ, ಕಂದನ್ನೂ. ಅವರು ಬಂದರು, ಟೇಬಲ್ ನೋಡಿದರು, ಕೈ ತೊಳೆದು ಬಂದು ಆಡತೊಡಗಿದರು. ನಾನು ಕುರ್ಚಿಯಲ್ಲಿ ಕೂತೆ.

ಮೊದಲಿಗೆ ಒಂದು ದೂರದ ಹೊಡೆತ ಗುರಿ ತಪ್ಪಿ, ಬಿಳಿ ಚೆಂಡು ಹಿಂದಕ್ಕೆ ಉರುಳಿ ಬಂದು ಕಂದಿಗೆ ಬಡಿಯಿತು. ಕಂದು ನಡುವಿನ ಪಾಕೆಟ್ಟಿನ ಹತ್ತಿರ, ಚದುರಿದ್ದ ಎರಡು ಕೆಂಪುಗಳ ಬದಿಗೆ ಹೋಗಿ ನಿಂತಿತು. ಆಮೇಲೆ ಅವರ ಕೈ ಕುದುರಿತು. ಕೆಂಪು, ಕಪ್ಪು, ಕೆಂಪು, ಕಪ್ಪು, ಕೆಂಪು, ಗುಲಾಬಿ. ಅವರು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ನೋಡಿರಲಿಲ್ಲ. ಬಿಳಿ ಚೆಂಡು ಹೇಳಿದಲ್ಲಿ ನಿಲ್ಲುತ್ತಿತ್ತು. ನಡುವಿನ ಪಾಕೆಟ್ಟಿನ ಹತ್ತಿರದ ಒಂದು ಕೆಂಪು ಹಾಕಿದರು, ಕಪ್ಪು ಹಾಕಿದರು. ಆಮೇಲೆ ಅದೇ ಶಾಂತ ಕೈಯಿಂದ ಕಂದನ್ನು ಹಾಕಿದರು. ಅದು ಕೆಂಪಿನ ಸರದಿ. ಅವರು ನಿಲ್ಲಲಿಲ್ಲ. ಕಂದನ್ನು ಪಾಕೆಟ್ಟಿನಿಂದ ತೆಗೆಯಲಿಲ್ಲ. ಮುಂದಿನ ಬಣ್ಣಕ್ಕೆ ಕಪ್ಪನ್ನು ಹೊಡೆದು, ಉಳಿದ ಕೆಂಪನ್ನೂ ಮುಗಿಸಿ, ಹಳದಿ ಹಾಕಿದರು, ಹಸಿರು ಹಾಕಿದರು, ಖಾಲಿ ಚುಕ್ಕಿಯ ಮೇಲಿಂದ ಕಣ್ಣು ಹಾಯಿಸಿ ನೀಲಿಗೆ ಹೋದರು. ಗುಲಾಬಿ, ಕಪ್ಪು. ಟೇಬಲ್ ಸ್ವಚ್ಛವಾಯಿತು.

ಕ್ಯೂ ಕೋಲು ಊರಿ ನಿಂತು ನನ್ನ ಕಡೆ ನೋಡಿದರು. ಮುಖ ಅರಳಿತ್ತು. "ಛಲೋ ಆತಲ್ರಿ?"

"ಛಲೋ ಆತ್ರಿ ಕಾಕಾ."

ಎದ್ದು ಪಾಕೆಟ್ಟುಗಳಿಂದ ಚೆಂಡು ತೆಗೆಯಲು ಹೋದೆ. ನಡುವಿನ ಪಾಕೆಟ್ಟಿನಲ್ಲಿ ಕೆಂಪಿನ ಮೇಲೆ ಕಂದು ಕೂತಿತ್ತು. ಅದನ್ನು ತೆಗೆದು ಅದರ ಚುಕ್ಕಿಯ ಮೇಲೆ ಇಟ್ಟೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಅವರು ನನ್ನ ಕೈಯನ್ನು ನೋಡುತ್ತಿದ್ದರು.

"ಕೆಂಪಿನ ಜೋಡಿ ಇತ್ತೇನ್ರಿ ಅದು?"

"ಹೌದ್ರಿ."

ಅವರು ಗೌಡರ ಕುರ್ಚಿಯಲ್ಲಿ ಕೂತರು. ಟೇಬಲ್ಲನ್ನು ನೋಡುತ್ತಲೇ ಹೇಳಿದರು. ಅವರಿಗೆ ಇಂಜಿನ್ ಡ್ರೈವರ್ ಆಗುವ ಆಸೆಯಿತ್ತಂತೆ. ಕಣ್ಣಿನ ಪರೀಕ್ಷೆಗೆ ಕರೆದರು. "ಡಾಕ್ಟರ್ ಒಂದು ಪುಸ್ತಕ ತೆಗೆದ್ರು. ಪುಟದ ತುಂಬ ಬಣ್ಣದ ಚುಕ್ಕಿ. ನಡುವ ಅಂಕಿ ಕಾಣ್ತದ, ಓದು ಅಂದ್ರು. ನನಗ ಬರೇ ಚುಕ್ಕಿ." ಮನೆಗೆ ಬಂದಾಗ ತಂದೆ, ಎತ್ತರ ಕಡಿಮೆಯಾಗಿ ಆ ಕೆಲಸ ತಪ್ಪಿತು ಎಂದು ಎಲ್ಲರಿಗೂ ಹೇಳು ಎಂದರಂತೆ. ತಂಗಿಯ ಲಗ್ನ ಇತ್ತು. ಮನೆತನದಲ್ಲಿ ಕಣ್ಣಿನ ದೋಷ ಇದೆ ಎಂದು ಸುದ್ದಿಯಾದರೆ ಯಾರು ಬರುತ್ತಾರೆ? ಆಮೇಲೆ ಅವರ ಲಗ್ನ, ಆಮೇಲೆ ಮಗಳ ಲಗ್ನ. "ಮಗಳ ಲಗ್ನ ಆಗಿ ಎಷ್ಟೋ ವರ್ಷ ಆದುವು. ಇನ್ನ ಯಾರಿಗೆ ಮುಚ್ಚಿಡಬೇಕಾಗೇದ? ಆದ್ರ ಬಾಯಿಗೆ ಬರೂದಿಲ್ರಿ."

"ಗೌಡ್ರಿಗೆ ಗೊತ್ತಿತ್ತಲ್ರಿ?"

"ಅಂವಗೂ ನಾ ಹೇಳಿಲ್ಲ. ಅಂವನೂ ಕೇಳಿಲ್ಲ. ಒಂದಿನ ಇಲ್ಲಿ ಕೂತು ನೋಡಿದ. ಮರುದಿನದಿಂದ ಮಾತು ಶುರು ಮಾಡಿದ."

ಆ ದಿನದಿಂದ ಕಂದು ಮತ್ತೆ ಟೇಬಲ್ಲಿಗೆ ಬಂತು. ನಾನು ಕುರ್ಚಿಯಲ್ಲಿ ಕೂತು ಮಾತಾಡಲು ಕಲಿಯತೊಡಗಿದೆ. ಅದು ಮೊಣಕೈಯನ್ನು ನೆಟ್ಟಗೆ ಮಾಡುವುದಕ್ಕಿಂತ ಕಷ್ಟವಾಯಿತು. "ಬ್ರೌನ್ ಚೆಂಡು ಎಡಗಡೆಯಿಂದ ಎರಡನೇದು ಅದರಿ" ಎಂದು ನಾನು ಹೇಳಿದರೆ ಅವರು ಎದ್ದು ನಿಂತು, "ಕಾರ್ಖಾನ್ಯಾಗ ರಿಪೋರ್ಟ್ ಓದಿದಂಗ ಓದಬ್ಯಾಡ್ರಿ. ಒಂದೀಟು ಉಪ್ಪು ಖಾರ ಹಾಕ್ರಿ," ಎನ್ನುತ್ತಿದ್ದರು. ನಾನು ಮನೆಯಲ್ಲಿ ಸ್ನಾನ ಮಾಡುವಾಗ ಬ್ರೌನಪ್ಪನ ಬಗ್ಗೆ ಮಾತು ಹೊಸೆಯುತ್ತಿದ್ದೆ. ಗೌಡರೂ ಹೀಗೆ, ರೈಲಿನಲ್ಲಿ ಕಿಟಕಿಯ ಹತ್ತಿರ ಕೂತು, ಮುಂದೆ ಆಡಬೇಕಾದ ಮಾತುಗಳನ್ನು ಹೊಂದಿಸಿಕೊಳ್ಳುತ್ತಿದ್ದರೋ ಏನೋ.

ಮುಂದಿನ ಪಂದ್ಯಾವಳಿ ಬಂದಾಗ ಅವರು ತಾವಾಗಿ ಹೆಸರು ಕೊಟ್ಟರು. "ಒಂದು ಆಟ ನೆಟ್ಟಗ ಆಡಬೇಕ್ರಿ. ಆ ಫೌಲ್ ಕಡೀದಾಗಬಾರ್ದು," ಎಂದರು. ಆಗ ಅವರಿಗೆ ಬೇಕಾಗಿದ್ದು ಅಷ್ಟೇ. ನನಗೂ.

ಅವರ ಎದುರು ಆಡಲು ಬಂದವನು ಸಂತೋಷ, ಅದೇ ರಸ್ತೆಯ ಮೊಬೈಲ್ ಅಂಗಡಿಯವನು. ಅಂಪೈರ್ ರಫೀಕ್‌ಭಾಯಿ. ಸಂತೋಷನ ಒಂದು ಜೋರಿನ ಹೊಡೆತಕ್ಕೆ ಕಂದು ಓಡಿ ಬಂದು ಒಂದು ಕೆಂಪಿನ ಮಗ್ಗುಲಿಗೆ ನಿಂತಿತು. ಅವರ ಸರದಿ ಬಂತು. ಕೆಂಪು ಹೊಡೆಯಬೇಕು. ನಾನು ಗಂಟಲು ಸರಿಮಾಡಿಕೊಂಡು, "ಬ್ರೌನಪ್ಪ ಇವತ್ತ ಬೀಗರ ಮನಿಗೆ..." ಎಂದು ಶುರುಮಾಡಿದೆ.

"ಸರ್, ಆಟ ನಡದೈತಿ. ನೋಡೋರು ಮಾತಾಡಂಗಿಲ್ರಿ," ಎಂದ ರಫೀಕ್‌ಭಾಯಿ, ಕೈ ಎತ್ತಿ. "ಗೌಡ್ರ ಕಾಲ ಹೋತು. ಈ ಸಲ ಎಲ್ಲಾ ರೂಲ್ ಪ್ರಕಾರ."

ನಾನು ಸುಮ್ಮನಾದೆ. ಅವರು ಬಗ್ಗಿದರು. ಕೋಲು ಹಿಂದೆ ಮುಂದೆ ಆಡಿತು, ನಿಂತಿತು, ಮತ್ತೆ ಆಡಿತು. ನನ್ನ ಜಾಗದಿಂದ ಎರಡು ಚೆಂಡುಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬೆರಳು ಎತ್ತಿ ತೋರಿಸಬಹುದಾಗಿತ್ತು. ಆದರೆ ಅವರು ನನ್ನ ಕಡೆ ನೋಡಲಿಲ್ಲ. ಅವರು ಎದ್ದು ನಿಂತರು. ಕೋಲಿನ ತುದಿಗೆ ನಿಧಾನವಾಗಿ ಚಾಕ್ ಹಚ್ಚಿದರು.

"ರಫೀಕ, ಈ ಎರಡ್ರಾಗ ಬ್ರೌನ್ ಯಾವುದಪಾ?"

ರಫೀಕ್‌ಭಾಯಿ ಚೇಷ್ಟೆ ಎಂದುಕೊಂಡು ನಕ್ಕ. ಅವರು ನಗದಿದ್ದುದನ್ನು ನೋಡಿ, "ಕಾಕಾ?" ಎಂದ.

"ನನಗ ತಿಳಿಯೂದಿಲ್ಲ. ಹುಟ್ಟಿದಾಗಿಂದ ತಿಳಿಯೂದಿಲ್ಲ. ಕೇಳಿದ್ರ ಅಂಪೈರ್ ಹೇಳಬೇಕು ಅಂತ ರೂಲ್ ಅದ."

ರಫೀಕ್‌ಭಾಯಿ ಚೆಂಡಿಗೆ ತಾಗದಂತೆ ಬೆರಳು ಹಿಡಿದು ತೋರಿಸಿದ. "ಇದ್ರಿ ಕಾಕಾ. ಎಡಗಡೇದು."

"ಇಷ್ಟ ಹೌದಲ್ರಿ?" ಎಂದ ಸಂತೋಷ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಮೊದಲ ಹೇಳಬಾರ್ದ ಕಾಕಾ? ನಮ್ಮ ಮಾವಗೂ ಹಂಗ ಐತಿ. ವಾಯರ್ ತಗೋಬೇಕಾದ್ರ ನನ್ನ ಕರೀತಾನ. ಹೊಡೀರಿ, ಹೊಡೀರಿ."

ಯಾರೋ ಚಹಾ ಹೇಳಿದರು. ಅಷ್ಟೇ. ಯಾರೂ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಅವರು ಕೆಂಪನ್ನು ಹಾಕಿದರು, ನೀಲಿ ಹಾಕಿದರು, ಅದರ ಮುಂದಿನ ಕೆಂಪು ಪಾಕೆಟ್ಟಿನ ತುಟಿಗೆ ಬಡಿದು ಹೊರಗೆ ಬಂತು. ಫ್ರೇಮು ಸಂತೋಷ ಗೆದ್ದ. ಫೌಲ್ ಒಂದೂ ಆಗಲಿಲ್ಲ.

ಕೆಳಗಿಳಿದು ಇಬ್ಬರೂ ರಸ್ತೆಯ ಬದಿಗೆ ನಡೆದೆವು. ಕೋಲಿನ ಚೀಲವನ್ನು ಅವರು ಎದೆಗೆ ಒತ್ತಿ ಹಿಡಿದಿದ್ದರು.

"ಇಷ್ಟ ಸಣ್ಣದಿತ್ತು ನೋಡ್ರಿ," ಎಂದರು.

ಸ್ವಲ್ಪ ದೂರ ಹೋದ ಮೇಲೆ ನಿಂತರು. "ಅಂವಗ ಒಂದ್ ಮಾತು ಹೇಳಿಬಿಟ್ಟಿದ್ರ, ಪಾಪ, ಅಂವ ಸುಮ್ನ ಕೂತು ಆಟ ನೋಡತಿದ್ದ."

ಗೌಡರಿಗೆ ಮಾತಾಡುವುದು ಇಷ್ಟವಿದ್ದೀತು ಎಂದು ಹೇಳಬೇಕೆನ್ನಿಸಿತು. ಆದರೆ ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವರಿಗೆ ಹೇಳಲಾಗಲಿಲ್ಲ.

ಆಮೇಲೆಯೂ ಅವರು ಬರುತ್ತಿದ್ದರು. ಕಂದನ್ನು ತಾವೇ ಅದರ ಚುಕ್ಕಿಯ ಮೇಲೆ ಇಡುತ್ತಿದ್ದರು. "ಇನ್ನ ನೀವು ತ್ರಾಸ ತಗೋಬ್ಯಾಡ್ರಿ, ನಾ ಕೇಳ್ತೇನಿ," ಎಂದಿದ್ದರು. ಸಂಶಯ ಬಂದಾಗ ಎದ್ದು ನಿಂತು, "ಬ್ರೌನ್?" ಎನ್ನುತ್ತಿದ್ದರು. ನಾನು "ಬಲಗಡೇದು" ಎನ್ನುತ್ತಿದ್ದೆ. ಆಟ ಸುಸೂತ್ರವಾಗಿ ಸಾಗುತ್ತಿತ್ತು. ನನ್ನಲ್ಲಿ ಹೊಸೆದಿಟ್ಟ ಮಾತುಗಳು ಇನ್ನೂ ಇದ್ದವು. ಅವು ಹಾಗೆಯೇ ಉಳಿದವು. ಚಳಿಗಾಲ ಕಳೆಯುವಾಗ ಅವರು ಬರುವುದು ಕಡಿಮೆಯಾಯಿತು.

ಈಗ ಆ ಮೂಲೆಯ ಟೇಬಲ್ಲಿನಲ್ಲಿ ನಾನೊಬ್ಬನೇ ಆಡುತ್ತೇನೆ. ಮೊಣಕೈ ಮಾತು ಕೇಳುತ್ತದೆ. ಒಮ್ಮೊಮ್ಮೆ ಕಂದು ಹೋಗಿ ಕೆಂಪುಗಳ ನಡುವೆ ನಿಲ್ಲುತ್ತದೆ. ಯಾವುದು ಯಾವುದೆಂದು ನನಗೆ ಚೆನ್ನಾಗಿಯೇ ಕಾಣುತ್ತದೆ. ಆದರೂ ಬಗ್ಗಿದವನು ಎದ್ದು ನಿಲ್ಲುತ್ತೇನೆ. ಚಾಕ್ ಹಚ್ಚುತ್ತೇನೆ. ಕುರ್ಚಿಯ ಕಡೆಯಿಂದ ಯಾರಾದರೂ ಹೇಳಲಿ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ.